ರೇಣುಕಾಳ ಏಳು ನಿಮಿಷ

ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ವಡಗಾವಿಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಚಹಾ ಕುಡಿದು, ಪಕ್ಕದ ಮನೆಯ ಮಗ್ಗದ ಸದ್ದಿಗೆ ಎರಡು ಸಲ ಬೆಚ್ಚಿ, ಕಡೆಗೆ ಬಂದ ಕೆಲಸ ಹೇಳಿದರು. "ಸರ, ಈ ಕೆಲಸದಾಗ ಏನ ಕಲೀಬೇಕು, ಏನ ಬಿಡಬೇಕು ಅಂತ ಒಂದೀಟ ಬರದು ಕೊಡ್ರಿ. ನಮಗ ಹೇಳವ್ರ ಯಾರೂ ಇಲ್ರಿ."

ಬಡ್ತಿಯ ವಿಷಯ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದೆ, ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿಯೇ ಹಾರ ಹಾಕಿಸಿಕೊಂಡು ಹೊರಬಿದ್ದೆ. ಎಲ್ಲ ಸರಿಯಾಗಿ ನಡೆದ ದಿನ ನಿಮ್ಮ ಹೆಸರು ಯಾರಿಗೂ ನೆನಪಿರುವುದಿಲ್ಲ; ಒಂದು ಯಂತ್ರ ಕೆಟ್ಟರೆ ಇಡೀ ಕಾಲೇಜು ನಿಮ್ಮ ಹೆಸರು ಕೂಗುತ್ತದೆ. ಇದನ್ನು ನಗುತ್ತ ನುಂಗಿಕೊಳ್ಳುವುದು ಬಂದರೆ ಅರ್ಧ ಕೆಲಸ ಬಂದಂತೆ. ಕೀಲಿಕೈಗಳಿಗೆ ಚೀಟಿ ಕಟ್ಟಿಡಿ. ಎಕ್ಸ್‌ಟೆನ್ಷನ್ ಬೋರ್ಡನ್ನು ಯಾರಿಗೂ ಕಡ ಕೊಡಬೇಡಿ, ದೇವರಿಗೂ ಕೂಡ. ಉಳಿದರ್ಧ ಇಷ್ಟೇ.

ಆದರೆ ನಿವೃತ್ತನಾದ ಮೇಲೆ ನನಗೆ ನೆನಪಾಗುವುದು ಲ್ಯಾಬಲ್ಲ. ವರ್ಷಕ್ಕೊಮ್ಮೆ, ಜನವರಿಯ ಒಂದು ರವಿವಾರ, ನಾವು ಕಾಲೇಜಿನ ಸಭಾಂಗಣದಲ್ಲಿ ಸೇರಿಸುತ್ತಿದ್ದ ಸಾಫ್ಟ್‌ವೇರ್ ಬರೆಯುವವರ ಸಮ್ಮೇಳನ. ಅದಕ್ಕೊಂದು ಹೆಸರಿಡಬೇಕೆಂದು ಪ್ರತಿ ವರ್ಷ ಜಗಳವಾಡಿದೆವು, ಹೆಸರಿಲ್ಲದೆಯೇ ಉಳಿಯಿತು. ಬಾಯಿಮಾತಿಗೆ ಕೂಟ ಎನ್ನುತ್ತಿದ್ದೆವು. ಈಗ ಅದು ನಿಂತುಹೋಗಿದೆ. ಜನವರಿ ಬಂದರೆ ಈಗಲೂ ನನಗೆ ಮನೆಯಲ್ಲಿ ಕುಳಿತಿರಲು ಆಗುವುದಿಲ್ಲ. ಎಲ್ಲೋ ಒಂದು ಪ್ರೊಜೆಕ್ಟರ್ ಕಾಯುತ್ತಿದೆ, ನಾನು ಹೋಗಿ ಅದರ ವೈರು ಸಿಕ್ಕಿಸಬೇಕು ಎನಿಸುತ್ತದೆ. ನಿಮಗೆ ಉಪಯೋಗವಾಗುವ ಮಾತು ಏನಾದರೂ ನನ್ನಲ್ಲಿದ್ದರೆ ಅದು ಆ ಕೂಟದಲ್ಲಿ ನಾನು ಮಾಡಿದ ತಪ್ಪುಗಳಲ್ಲಿದೆ. ಅದರಲ್ಲೂ ಒಂದು ತಪ್ಪಿನಲ್ಲಿ.

ಕೂಟ ಹುಟ್ಟಿದ್ದು ಪದ್ಮಣ್ಣನಿಂದ. ಖಾಸಬಾಗದಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗಳ ಅಂಗಡಿ ನಡೆಸುವ ಜೈನ ಮನೆತನದವನು, ನನ್ನ ವಾರಿಗೆಯವನು. ನಲವತ್ತು ದಾಟಿದ ಮೇಲೆ ಕಾಲೇಜಿನ ಸಂಜೆಯ ಕಂಪ್ಯೂಟರ್ ತರಗತಿಗೆ ಸೇರಿ ನನ್ನ ಮುಂದೆ ಕುಳಿತ. ಅಂಗಡಿಯ ಸಾಮಾನಿನ ಪಟ್ಟಿಗೆ ಪ್ರೋಗ್ರಾಮನ್ನು ತಾನೇ ಬರೆಯಬೇಕೆಂಬ ಹಟ. ಬರೆದೂ ಬರೆದ. ಆ ಪ್ರೋಗ್ರಾಮಿಗೆ ಕೊಡಕ್ಕೂ ತಂಬಿಗೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು. ಇವನು ಅದನ್ನು ಓಣಿಗೆಲ್ಲ ತೋರಿಸಿ ನಗಿಸಿದ.

"ಮಾಸ್ತರ, ಊರಾಗ ನನ್ನಂಗ ತಪ್ಪು ಬರಿಯವ್ರು ಭಾಳ ಮಂದಿ ಇರಬೇಕು," ಎಂದ ಒಂದು ಸಂಜೆ. "ಎಲ್ಲಾರನ್ನೂ ಕೂಡ್ಸಿ ಒಬ್ರ ತಪ್ಪು ಒಬ್ರು ನೋಡೂಣು. ಊಟದ್ದು ನಂಗ ಬಿಡು. ಹೊತ್ತಿಂದು ನೀ ನೋಡ್ಕೊ."

ಹೀಗೆ ಶುರುವಾಯಿತು. ಮುಖ್ಯ ಅತಿಥಿ ಇಲ್ಲ, ದೀಪ ಹಚ್ಚುವುದಿಲ್ಲ, ಶಾಲು ಹೊದಿಸುವುದಿಲ್ಲ. ಯಾರು ಬೇಕಾದರೂ ತಾವು ಬರೆದದ್ದನ್ನು ತಂದು ತೋರಿಸಬಹುದು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಕನ್ನಡ, ಮರಾಠಿ, ಎರಡೂ ಕಲಸಿದ್ದು, ಬಾಯಿಗೆ ಯಾವುದು ಬರುತ್ತದೋ ಅದು. ಖಾನಾಪುರದ ಕಡೆಯವನೊಬ್ಬ ಪರದೆಯ ಮೇಲೆ ಇಂಗ್ಲಿಷ್ ಬರೆದು, ಮರಾಠಿಯಲ್ಲಿ ವಿವರಿಸಿ, ಪ್ರೋಗ್ರಾಮು ನಿಂತಾಗ ಕನ್ನಡದಲ್ಲಿ ಬೈದದ್ದನ್ನು ನಾವು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದೇವೆ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಊಟದ್ದು. ಪದ್ಮಣ್ಣ ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟುವವನಲ್ಲ. ಅವರ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಬಡಿಸುವವನೇ ಉಪವಾಸ ಬಿದ್ದರೆ ಉಂಡವರಿಗೆ ಮೈಗೆ ಹತ್ತೀತೇ? ಅದಕ್ಕೇ ಸಂಜೆ ಐದೂವರೆಗೆ ಸರಿಯಾಗಿ ಎಲ್ಲರೂ ಪಂಕ್ತಿಯಲ್ಲಿ ಕುಳಿತಿರಬೇಕು, ಬೆಳಕಿದ್ದಾಗಲೇ ಅವನೂ ಕಡೆಗೆ ಕುಳಿತು ಉಣ್ಣಬೇಕು. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಆಲೂಗಡ್ಡೆಯೂ ಇಲ್ಲ. ಮೊದಲ ವರ್ಷ ಗೊಣಗಿದವರು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಸಿಹಿಗೆ ಕುಂದಾ ಹೊಡೆದ ಮೇಲೆ ಬಾಯಿ ಮುಚ್ಚಿಕೊಂಡರು. ಬೇರೆ ಊರಿನ ಸಮ್ಮೇಳನಗಳು ಹೇಗೆ ಮುಗಿಯುತ್ತವೋ ನನಗೆ ಗೊತ್ತಿಲ್ಲ. ನಮ್ಮದು ಸೂರ್ಯನನ್ನು ನೋಡಿಕೊಂಡು ಮುಗಿಯುತ್ತಿತ್ತು, ಮತ್ತು ಅದನ್ನು ಮುಗಿಸುವ ಹೊಣೆ ನನ್ನದಾಗಿತ್ತು.

ಈಗ ನನ್ನ ಮೊದಲ ತಪ್ಪು. ಎರಡನೆಯ ವರ್ಷವೋ ಮೂರನೆಯದೋ, ಮಾತಾಡುತ್ತಿದ್ದವನೊಬ್ಬ ವೇದಿಕೆಯಿಂದ, "ಎಲ್ಲಾರೂ ಈಗಿಂದೀಗ ಈ ಸಾಫ್ಟ್‌ವೇರ್ ಇಳಿಸ್ಕೊಳ್ರಿ," ಎಂದ. ಸಭಾಂಗಣದಲ್ಲಿದ್ದವರೆಲ್ಲ ಒಂದೇ ಗಳಿಗೆಯಲ್ಲಿ ಗುಂಡಿ ಒತ್ತಿದರು. ಕಾಲೇಜಿನ ನೆಟ್ ಅಲ್ಲೇ ಮಲಗಿತು. ನಾನು ವೈರು ಹಿಡಿದುಕೊಂಡು ಮೂರು ಮಹಡಿ ಹತ್ತಿಳಿದೆ, ಬೆವರಿದೆ, ಹುಡುಗರ ಮೇಲೆ ಕೂಗಾಡಿದೆ. ತಪ್ಪು ವೈರಿನದಾಗಿರಲಿಲ್ಲ. ಒಂದೇ ಬಾಗಿಲು ತೆರೆದಿಟ್ಟು ಇಡೀ ಸಂತೆಯನ್ನು ಒಳಗೆ ಕರೆದವನು ನಾನು.

ಮರುವರ್ಷದಿಂದ ಒಂದು ಕಾನೂನು ಮಾಡಿದೆ. ವೇದಿಕೆಯ ಮೇಲೆ ತೋರಿಸುವ ಪ್ರೋಗ್ರಾಮು ನೆಟ್ ಇಲ್ಲದೆ ನಡೆಯಬೇಕು, ಅದಕ್ಕೆ ಬೇಕಾದದ್ದೆಲ್ಲ ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ ಇರಬೇಕು. ಶನಿವಾರ ಒಬ್ಬೊಬ್ಬರನ್ನೇ ಕರೆದು, ನೆಟ್ ಕಿತ್ತು, "ಈಗ ತೋರಿಸಪ್ಪ," ಎನ್ನುತ್ತಿದ್ದೆ. ಅರ್ಧ ಜನ ಅಲ್ಲೇ ಬೆಪ್ಪಾಗುತ್ತಿದ್ದರು. ಬೆನ್ನ ಹಿಂದೆ ನನ್ನನ್ನು ಏನೇನು ಕರೆದರೋ, ಕೇಳಲು ಹೋಗಲಿಲ್ಲ. ಫ್ಲಾಪಿ ಹೋಗಿ ಸೀಡಿ ಬಂತು, ಸೀಡಿ ಹೋಗಿ ಪೆನ್‌ಡ್ರೈವ್ ಬಂತು, ಈಗ ಎಲ್ಲವೂ ಎಲ್ಲೋ ಮೋಡದಲ್ಲಿದೆಯಂತೆ. ನನ್ನ ಕಾನೂನನ್ನು ಮಾತ್ರ ನೀವು ಇಟ್ಟುಕೊಳ್ಳಿ. ಅದು ಎಷ್ಟು ವರ್ಷದ ಮೇಲೆ ಹೇಗೆ ಕೈ ಹಿಡಿಯುತ್ತದೆಂದು ಮುಂದೆ ಹೇಳುತ್ತೇನೆ.

ಎರಡನೆಯದು ತಪ್ಪಲ್ಲ, ಸೊಕ್ಕು. ಆಗಿನ ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ, ಆದರೆ ಮೈಕು ಕಂಡರೆ ಬಿಡುವವರಲ್ಲ. ಒಂದು ಕೂಟದಲ್ಲಿ "ಎರಡು ಮಾತು" ಎಂದು ಹತ್ತಿದವರು ಇಪ್ಪತ್ತು ನಿಮಿಷವಾದರೂ ಇಳಿಯಲಿಲ್ಲ. ಹೊತ್ತು ಮುಗಿಯಿತೆಂದು ಸಾರಲು ಆಗ ನಮ್ಮ ಹತ್ತಿರ ಗಂಟೆ ಇರಲಿಲ್ಲ, ಸ್ಟೀಲಿನ ತಾಟು ಮತ್ತು ಸೌಟು. ನಾನು ಬಾರಿಸಿಯೇ ಬಿಟ್ಟೆ. ಅವರು ನಕ್ಕು ಇಳಿದರು. ಸೋಮವಾರ ಚೇಂಬರಿಗೆ ಕರೆ ಬಂತು. ನೌಕರಿ ಹೋಯಿತೆಂದೇ ಹೊಕ್ಕೆ.

"ನಂಗ ತಾಟು ಬಾರ್ಸಿ ಇಳಿಸಿದ ಮನಷ್ಯಾ ನೀವ ಒಬ್ರ ನೋಡ್ರಿ," ಎಂದರು. "ಮಾರಿ ನೋಡಿ ಬಾರಸಬ್ಯಾಡ್ರಿ. ಹಿಂಗ ಇರ್ರಿ."

ಅಂದಿನಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ. ನಾನು ಮುಖ ನೋಡದೆ ಬಾರಿಸುವವನು ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡೆ. ಪದ್ಮಣ್ಣನೂ ಮೆಚ್ಚಿ, ಮುಂದೊಂದು ವರ್ಷ ತಾಟಿನ ಬದಲು ತನ್ನ ಅಂಗಡಿಯಿಂದ ಒಂದು ಹಳೆಯ ಹಿತ್ತಾಳೆಯ ಗಂಟೆ ತಂದುಕೊಟ್ಟ. ದನದ ಕೊರಳಿನ ಗಂಟೆ. ಒಂದು ಮಗ್ಗುಲು ನೆಗ್ಗಿತ್ತು. ಬಾರಿಸಿದರೆ ಮೊದಲು ಗಟ್ಟಿಯಾಗಿ ನುಡಿದು, ಆಮೇಲೆ ಸಣ್ಣಗೆ ನಡುಗುತ್ತ ನಿಲ್ಲುತ್ತಿತ್ತು. ಆ ವರ್ಷವೇ ರೇಣುಕಾ ಬಂದದ್ದು.

ಖಾನಾಪುರದ ಆಚೆ ದನ ಕಾಯುವವರ ವಸ್ತಿಯ ಹುಡುಗಿ. ಖಾನಾಪುರದಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದಳು. ಕೈಯಲ್ಲೊಂದು ಹಳೆಯ ಲ್ಯಾಪ್‌ಟಾಪ್, ಅದರ ಮುರಿದ ಕೀಲನ್ನು ನೂಲಿನಿಂದ ಬಿಗಿದಿದ್ದಳು. ನಾನು ನೇಕಾರನ ಮಗ, ಗಂಟು ನೋಡಿದರೆ ಕೈಯ ಗುಣ ತಿಳಿಯುತ್ತದೆ. ಅದು ತಾಳ್ಮೆಯ ಕೈ. ಶನಿವಾರದ ಪರೀಕ್ಷೆಗೆ ನಾನು ನೆಟ್ ಕಿತ್ತಾಗ ಅವಳು ನಕ್ಕಳು.

"ನೆಟ್ ತಗದ್ರೂ ನಡೀತೈತ್ರಿ ಸರ. ನಮ್ಮ ವಸ್ತ್ಯಾಗ ನೆಟ್ ಮೊದಲ ಎಲ್ಲಿ ಐತ್ರಿ?"

ರವಿವಾರ ಅವಳದು ಕಡೆಯ ಸರದಿ, ಐದು ಹತ್ತಕ್ಕೆ. ಅವಳಿಗಿಂತ ಮೊದಲು, ಸಾಂಬ್ರಾದಲ್ಲಿ ವಿಮಾನ ಇಳಿದು ನೇರ ಕಾರಿನಲ್ಲಿ ಬಂದ ಒಬ್ಬ ದೊಡ್ಡವರು. ದೊಡ್ಡ ಕಂಪನಿ, ದೊಡ್ಡ ಹುದ್ದೆ, ಮಾತೂ ಚಂದ. ಅವರ ಇಪ್ಪತ್ತು ನಿಮಿಷ ಮುಗಿಯಿತು. ನನ್ನ ಕೈ ಗಂಟೆಯ ಮೇಲಿತ್ತು. ಮುಂದಿನ ಸಾಲಿನಿಂದ ಹೊಸ ಪ್ರಿನ್ಸಿಪಾಲರು ತಿರುಗಿ ನನ್ನನ್ನು ನೋಡಿದರು. ನಾನು ಕೈ ತೆಗೆದೆ. ಆನೆ ನಡೆದದ್ದೇ ದಾರಿ ಎಂಬಂತೆ ದೊಡ್ಡವರು ಮತ್ತೂ ಏಳು ನಿಮಿಷ ಮಾತಾಡಿದರು. ಮುಖ ನೋಡದೆ ಬಾರಿಸುವವನ ಬಂಡವಾಳ ಅಷ್ಟೇ ಇತ್ತು.

ಐದು ಹದಿನೇಳಕ್ಕೆ ರೇಣುಕಾ ವೇದಿಕೆ ಹತ್ತಿ, ಬಟ್ಟೆಯ ಚೀಲದಿಂದ ನಾಲ್ಕು ಗಂಟೆಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ನಮ್ಮಪ್ಪಗ ಈಗ ಕಣ್ಣು ಅಷ್ಟ ಕಾಣೂದಿಲ್ರಿ," ಎಂದು ಶುರು ಮಾಡಿದಳು. "ಆದ್ರ ಅಡವ್ಯಾಗ ಯಾವ ದನ ಎಲ್ಲಿ ಐತಿ ಅಂತ ಗಂಟಿ ಸಪ್ಪಳ ಕೇಳಿ ಹೇಳತಾನ್ರಿ. ಮಳಿಗಾಲದಾಗ ಮಂಜ ಬಿದ್ರ ಕಣ್ಣಿದ್ದ ನಮಗ ಏನೂ ಕಾಣೂದಿಲ್ಲ, ಅವಂಗ ಎಲ್ಲಾ ಗೊತ್ತ. ನಂಗ ಆ ಕಿವಿ ಬರಲಿಲ್ರಿ. ಅದಕ್ಕ ಕಂಪ್ಯೂಟರಿಗೆ ಕಲಿಸೀನಿ."

ಮನೆಯ ದನಗಳ ಗಂಟೆಗಳ ಸದ್ದನ್ನೆಲ್ಲ ಎರಡು ವರ್ಷ ಹಿಂದೆ ಫೋನಿನಲ್ಲಿ ಹಿಡಿದಿಟ್ಟು, ಒಂದೊಂದರ ಗುರುತು ಹಚ್ಚುವ ಪ್ರೋಗ್ರಾಮು ಬರೆದಿದ್ದಳು. ಮೊದಲನೆಯ ಗಂಟೆ ಬಾರಿಸಿದಳು. ಪರದೆಯ ಮೇಲೆ 'ಬಸವಿ' ಎಂದು ಬಂತು. ಎರಡನೆಯದು 'ಚಂದ್ರಿ'. ಮೂರನೆಯದು, ನಾಲ್ಕನೆಯದು. ಒಂದೂ ತಪ್ಪಲಿಲ್ಲ. ಅಷ್ಟು ಹೊತ್ತು ಫೋನು ನೋಡುತ್ತಿದ್ದ ಹಿಂದಿನ ಸಾಲಿನವರು ಕತ್ತು ಎತ್ತಿದರು. ನಾನೂ ಮೈಮರೆತೆ. ನನಗೆ ಈಗಲೂ ಆ ಹದಿಮೂರು ನಿಮಿಷದಂಥ ಮಾತು ಬೇರೆ ಕೇಳಿದ ನೆನಪಿಲ್ಲ. ಗಡಿಯಾರ ನೋಡಿದೆ. ಐದೂವರೆ. ಕಿಟಕಿಯಲ್ಲಿ ಬಿಸಿಲು ಇಳಿದಿತ್ತು, ಹೊರಗೆ ಪಂಕ್ತಿ ಹಾಕಿದ್ದರು. ಬಾರಿಸಿದೆ.

ಅವಳ ಪ್ರೋಗ್ರಾಮು ಇನ್ನೂ ಕಿವಿ ತೆರೆದುಕೊಂಡೇ ಕುಳಿತಿತ್ತು. ಪರದೆಯ ಮೇಲೆ ದೊಡ್ಡದಾಗಿ 'ಗೌರಿ' ಎಂದು ಬಂತು.

ಹಿಂದಿನಿಂದ ಯಾರೋ, "ಸರ, ನಿಮ್ಮ ಹೆಸರ ಗೌರಿ ಅಂತ ಇವತ್ತ ಗೊತ್ತಾತ ನೋಡ್ರಿ!" ಎಂದು ಕೂಗಿದರು. ಇಡೀ ಸಭಾಂಗಣ ಗೊಳ್ಳೆಂದಿತು. ನಾನೂ ನಕ್ಕೆ. ಇದನ್ನು ಬಹಳ ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ: ನಾನೂ ನಕ್ಕೆ.

ರೇಣುಕಾಳ ಮುಖ ಬಿಳಿಚಿಕೊಂಡಿತು. ಮೈಕಿನಲ್ಲಿ ಮೆಲ್ಲಗೆ, "ತಪ್ಪ ಐತ್ರಿ. ಗೌರಿ ಇಲ್ಲ ಈಗ," ಎಂದಳು. ಲ್ಯಾಪ್‌ಟಾಪ್ ಮುಚ್ಚಿ, ಗಂಟೆಗಳನ್ನು ಸದ್ದಾಗದಂತೆ ಒಂದೊಂದನ್ನೇ ಚೀಲಕ್ಕೆ ಹಾಕಿ, ಪಕ್ಕದ ಬಾಗಿಲಿನಿಂದ ಹೊರಟುಹೋದಳು. ನಾನು ಹಿಂದೆ ಓಡಬೇಕಿತ್ತು. ನನ್ನ ಕೈಯಲ್ಲಿ ಮೈಕು ಇತ್ತು. ಎಲ್ಲರೂ ಊಟಕ್ಕೆ ಏಳಬೇಕೆಂದು ಸಾರಿದೆ.

ಇಡೀ ಹೊತ್ತು ಅಡಿಗೆಯವರ ನಡುವೆ ಇದ್ದ ಪದ್ಮಣ್ಣನಿಗೆ ಸಭೆಯಲ್ಲಿ ಏನಾಯಿತೆಂದು ತಿಳಿದಿರಲಿಲ್ಲ. ಬಡಿಸುವ ಸೌಟು ಹಿಡಿದುಕೊಂಡೇ ಬಂದ. "ಖಾನಾಪುರದ ಹುಡುಗಿ ಉಣ್ಣದ ಹೋತಂತಲ್ಲೋ?"

"ಹೊತ್ತಾತು ಅಂತ ಗಂಟಿ ಬಾರ್ಸಿದೆ. ಮಂದಿ ನಕ್ರು. ಹೋತು," ಎಂದಷ್ಟೇ ಹೇಳಿದೆ.

"ಒಂದಿನ ನಾ ಉಣ್ಣದಿದ್ರ ಸಾಯ್ತಿದ್ನೇನು ಮಾಸ್ತರ?" ಎಂದ. ಅಷ್ಟು ವರ್ಷದಲ್ಲಿ ಅವನು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳಿಗೆ ಎರಡು ಮೇಲ್ ಬರೆದೆ, ಉತ್ತರವಿಲ್ಲ. ಫೋನು ಮಾಡಿದರೆ ಆ ನಂಬರು ಬಳಕೆಯಲ್ಲಿಲ್ಲ ಎಂದಿತು. ಮರುವರ್ಷದ ಕೂಟಕ್ಕೆ ಅವಳ ಹೆಸರು ಬರಲಿಲ್ಲ, ಅದರ ಮರುವರ್ಷವೂ ಇಲ್ಲ. ನಾನು ಕಾರ್ಯಕ್ರಮದ ಪಟ್ಟಿಯಲ್ಲಿ ಊಟಕ್ಕೆ ಮೊದಲು ಏಳು ನಿಮಿಷ ಖಾಲಿ ಬಿಡತೊಡಗಿದೆ. ಜನ ಅದನ್ನು ಕೈ ತೊಳೆಯುವ ಹೊತ್ತು ಎಂದುಕೊಂಡರು. ನಾನು ಆ ಏಳು ನಿಮಿಷ ಪಕ್ಕದ ಬಾಗಿಲು ನೋಡುತ್ತ ನಿಲ್ಲುತ್ತಿದ್ದೆ.

ಖಾನಾಪುರ ಏನು ಕಾಶಿಯಲ್ಲ. ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. ಅವಳ ವಸ್ತಿಯ ಹೆಸರು ನನ್ನ ರಿಜಿಸ್ಟರಿನಲ್ಲೇ ಇತ್ತು. ಹೋಗಲಿಲ್ಲವೇಕೆಂದು ಕೇಳಿದರೆ ಬಿಡುವಿರಲಿಲ್ಲ ಎಂದು ಹೇಳಬಹುದು, ಮತ್ತು ಅದು ಸುಳ್ಳು. ನಾಚಿಕೆಯಾಗುತ್ತಿತ್ತು.

ಆಮೇಲೆ ಕೂಟವೇ ನಿಂತಿತು. ಯಾರೂ ನಿಲ್ಲಿಸಲಿಲ್ಲ. ಕುರ್ಚಿ ಹಾಕುತ್ತಿದ್ದ ಹುಡುಗರು ಸಂಸಾರಸ್ಥರಾದರು, ಜಗತ್ತಿನ ಮಾತೆಲ್ಲ ಅಂಗೈಯ ಫೋನಿಗೆ ಬಂತು, ಒಂದು ವರ್ಷ ಮುಂದಕ್ಕೆ ಹಾಕಿದೆವು, ಮತ್ತೆ ಹಾಕಿದೆವು. ನಾನು ನಿವೃತ್ತನಾದ ದಿನ ಲ್ಯಾಬಿನ ಕೀಲಿ ಕೊಟ್ಟು ಬರುವಾಗ ಗಂಟೆ ಯಾರಿಗೆ ಕೊಡಲಿ ಎಂದೆ. ಅದು ಯಾವ ದಾಸ್ತಾನಿನಲ್ಲೂ ಇಲ್ಲ ಎಂದರು. ಮನೆಗೆ ತಂದು ಕಿಟಕಿಯಲ್ಲಿಟ್ಟೆ.

ಈ ವರ್ಷದ ಜನವರಿಯ ಒಂದು ರವಿವಾರ ಮಧ್ಯಾಹ್ನ ಪದ್ಮಣ್ಣ ಮನೆಗೆ ಬಂದ. ಇಬ್ಬರೂ ಚಹಾ ಹಿಡಿದು ಕುಳಿತೆವು. ಮದುವೆ ಮುಗಿದ ಮೇಲೆ ಚಪ್ಪರ ಬಿಚ್ಚಲು ಉಳಿದವರಂತೆ ಇದ್ದೆವು. ಅವನ ಕಣ್ಣು ಕಿಟಕಿಯ ಗಂಟೆಯ ಮೇಲೆ ಬಿತ್ತು.

"ಆವತ್ತ ಖರೇನ ಏನಾತೋ ಮಾಸ್ತರ? ನಾ ಅಡಿಗ್ಯಾಗಿದ್ದೆ. ನೀ ಪೂರ್ತಿ ಹೇಳೇ ಇಲ್ಲ."

ಹೇಳಿದೆ. ದೊಡ್ಡವರಿಗೆ ಬಿಟ್ಟ ಏಳು ನಿಮಿಷ, ಅವಳ ನಾಲ್ಕು ಗಂಟೆ, ನನ್ನ ಗಂಟೆ, ಪರದೆಯ ಮೇಲೆ ಬಂದ ಹೆಸರು, ನನ್ನ ನಗು, ಒಂದನ್ನೂ ಬಿಡಲಿಲ್ಲ. ಪದ್ಮಣ್ಣ ಚಹಾದ ಕಪ್ಪು ಕೆಳಗಿಟ್ಟ.

"ಏನ ಹೆಸರ ಅಂದಿ?"

"ಗೌರಿ."

ಎದ್ದು ಹೋಗಿ ಗಂಟೆಯನ್ನು ಕೈಗೆ ತೆಗೆದುಕೊಂಡು ನೆಗ್ಗಿದ ಮಗ್ಗುಲನ್ನು ಬೆರಳಿನಿಂದ ಸವರಿದ. "ಇದನ್ನ ನನ್ನ ಅಂಗಡಿಗೆ ತಂದಾವ ಖಾನಾಪುರ ಕಡಿಯಾಂವನೋ. ದನಾ ಕಾಯಾಂವ. ಆಕಳ ಸತ್ತಿತ್ತಂತ. ಗಂಟಿ ಮನ್ಯಾಗಿದ್ರ ನೋಡಿದಾಗೊಮ್ಮೆ ಸಂಕಟ ಆಗತೈತಿ ಅಂತ ಇದನ್ನ ಕೊಟ್ಟು ಒಂದ ಕೊಡ ಒಯ್ದ. ಕೊಡೂ ಮುಂದ ಇನ್ನೊಮ್ಮೆ ಬಾರ್ಸಿ, 'ಗೌರಿ, ಇನ್ನ ಸುಮ್ಮನಾಗವಾ' ಅಂದ. ಅದಕ್ಕ ನಾ ಇದನ್ನ ಕರಗಸಾಕ ಹಾಕಲಿಲ್ಲ. ಕೂಟಕ್ಕ ತಂದೆ."

ನೂರಾರು ಜನ ನಕ್ಕ ಆ ಸಂಜೆ, ಸಭಾಂಗಣದಲ್ಲಿ ಸರಿಯಾಗಿ ಹೇಳಿದ್ದು ಆ ಹಳೆಯ ಲ್ಯಾಪ್‌ಟಾಪ್ ಒಂದೇ.

ಮರುದಿನವೇ ಪದ್ಮಣ್ಣನ ಕಾರಿನಲ್ಲಿ ಹೊರಟೆವು. ಅವನ ಹೆಂಡತಿ ಸಂಜೆಯ ಊಟವನ್ನು ಡಬ್ಬಿಗೆ ಕಟ್ಟಿ, "ಹೊತ್ತ ಮುಳಗೂದ್ರಾಗ ಉಣ್ರಿ, ಮಾತಿನ್ಯಾಗ ಮರೀಬ್ಯಾಡ್ರಿ," ಎಂದು ಇಬ್ಬರಿಗೂ ಹೇಳಿ ಕಳಿಸಿದರು. ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಖಾನಾಪುರ ಪೇಟೆಯಲ್ಲಿ ಪದ್ಮಣ್ಣ ಮರಾಠಿಯಲ್ಲಿ ಒಬ್ಬರನ್ನು ಕೇಳಿದ, ಅವರು ಕನ್ನಡದಲ್ಲಿ ದಾರಿ ಹೇಳಿದರು. ರೇಣುಕಾ ಬಸ್ ನಿಲ್ದಾಣದ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದಾಳೆ, ವಸ್ತಿ ಬಿಟ್ಟು ಅಪ್ಪನನ್ನು ಕರೆತಂದು ಅಂಗಡಿಯ ಹಿಂದೆಯೇ ಮನೆ ಮಾಡಿದ್ದಾಳೆ.

ನಾವು ಹೋದಾಗ ಸಂಜೆಯಾಗುತ್ತ ಬಂದಿತ್ತು. ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಅದು ಸಂತೋಷದ ಗುರುತಲ್ಲ.

"ಬರ್ರಿ ಸರ. ಕುಂದರ್ರಿ. ಏನರ ಅರ್ಜಿ ತುಂಬೂದಿತ್ತೇನ್ರಿ?"

"ಇಲ್ಲವಾ. ಒಂದ ಮಾತ ಹೇಳಾಕ ಬಂದೇವಿ. ಆವತ್ತ ನಿಂದೇನೂ ತಪ್ಪಿರಲಿಲ್ಲ. ನಿನ್ನ ಪ್ರೋಗ್ರಾಮು ಖರೇ ಹೇಳಿತ್ತು."

"ಯಾಕ್ರಿ ಸರ ಸುಮ್ಮನ," ಎಂದಳು. ದನಿಯಲ್ಲಿ ಮರ್ಯಾದೆ ಇತ್ತು, ನಂಬಿಕೆ ಇರಲಿಲ್ಲ. "ಗೌರಿ ಸತ್ತ ಮ್ಯಾಲ ಅದರ ಹೆಸರ ಬಂತು. ಇರಲಾರದ್ದನ್ನ ಐತಿ ಅಂತ ಹೇಳೂ ಪ್ರೋಗ್ರಾಮು ಯಾರಿಗೆ ಬೇಕ್ರಿ? ಆವತ್ತ ಬಿಟ್ಟೆ. ಮತ್ತ ಮುಟ್ಟಿಲ್ಲ."

ನಾನು ಬಟ್ಟೆ ಬಿಚ್ಚಲು ಹೋದೆ. ಗಂಟೆ ಕೈ ಜಾರಿ, ಮೇಜಿನ ಅಂಚಿಗೆ ತಗಲಿ ಒಮ್ಮೆ ನುಡಿಯಿತು. ಮೊದಲು ಗಟ್ಟಿಯಾಗಿ, ಆಮೇಲೆ ಸಣ್ಣಗೆ ನಡುಗುತ್ತ.

ಒಳಗಿನಿಂದ ಮುದಿ ದನಿಯೊಂದು ಕೂಗಿತು. "ರೇಣಿ, ಗೌರಿ ಬಂತೇನವಾ? ಇಷ್ಟ ಹೊತ್ತ ಮಾಡಿತು. ಕಟ್ಟಿ ಹಾಕು."

ರೇಣುಕಾ ಎದ್ದು ಬಂದಳು. ಗಂಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ನೆಗ್ಗಿದ ಮಗ್ಗುಲನ್ನು ನೋಡಿದಳು, ಹಾಗೇ ಒಳಗೆ ನಡೆದಳು. ನಾವೂ ಹಿಂದೆ ಹೋದೆವು. ಹಿತ್ತಲಲ್ಲಿ ಹೊರಸಿನ ಮೇಲೆ ಅವಳ ಅಪ್ಪ ಯಲ್ಲಪ್ಪ ಕುಳಿತಿದ್ದ, ಕಣ್ಣು ಪೂರಾ ಹೋಗಿತ್ತು, ನೆನಪೂ ತಪ್ಪತೊಡಗಿದಂತಿತ್ತು. ಬಾಗಿಲ ಬಳಿ ಹಿತ್ತಾಳೆಯ ಕೊಡವೊಂದಿತ್ತು. ಪದ್ಮಣ್ಣ ಬಗ್ಗಿ ಅದರ ಕಂಠ ಮುಟ್ಟಿ ನೋಡಿ, ನನ್ನ ಕಡೆ ತಲೆ ಆಡಿಸಿದ. ಅವನ ಅಂಗಡಿಯದೇ.

ಅಪ್ಪನ ಕೈಗೆ ಗಂಟೆ ಕೊಟ್ಟು ರೇಣುಕಾ ಅತ್ತಳು. ಯಾಕೆ ಅಳು ಎಂದು ಅವನು ಕೇಳಲಿಲ್ಲ. ಗಂಟೆಯನ್ನು ಎದೆಗೆ ಒತ್ತಿಕೊಂಡು, "ಎಲ್ಲಿತ್ತು ಇದು ಇಷ್ಟ ದಿನಾ?" ಎಂದ. ನನ್ನ ಹತ್ತಿರ ಇತ್ತು ಎಂದೆ. ಅವಳ ಮುಂದೆ ಕೈ ಮುಗಿದು, "ನಾನೂ ನಕ್ಕಿದ್ದೆ ತಂಗಿ," ಎಂದೆ. ಅವಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಟ್ರಂಕು ತೆಗೆದ ಸದ್ದಾಯಿತು.

ಅದೇ ಲ್ಯಾಪ್‌ಟಾಪ್, ಅದೇ ನೂಲಿನ ಗಂಟು. ಬ್ಯಾಟರಿ ಸತ್ತಿತ್ತು, ಆದರೆ ನನ್ನ ಚೀಲದಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಇಲ್ಲದೆ ನಾನು ಇಂದಿಗೂ ಮನೆ ಬಿಡುವುದಿಲ್ಲ. ನಿಧಾನವಾಗಿ ಬೆಳಕು ಬಂತು. ನೆಟ್ ಬೇಕಿರಲಿಲ್ಲ, ಹೊಸದಾಗಿ ಏನೂ ಇಳಿಸಬೇಕಿರಲಿಲ್ಲ. ಬೇಕಾದದ್ದೆಲ್ಲ ಅದರ ಹೊಟ್ಟೆಯೊಳಗೇ ಇತ್ತು. ಯಲ್ಲಪ್ಪ ಗಂಟೆ ಬಾರಿಸಿದ. ಪರದೆಯ ಮೇಲೆ 'ಗೌರಿ' ಬಂತು. ಈ ಸಲ ಯಾರೂ ನಗಲಿಲ್ಲ.

"ತಂಗಿ," ಎಂದೆ, "ಆವತ್ತ ಏಳು ನಿಮಿಷ ಉಳದಿತ್ತು. ಅದನ್ನ ಕೇಳಬೇಕಂತ ಇಷ್ಟ ವರ್ಷ ಕಾದೀನಿ."

ಅವಳು ಕಣ್ಣು ಒರೆಸಿಕೊಂಡು ಎದ್ದು ನಿಂತಳು. ಕುಳಿತು ಮಾತಾಡುವ ಮನಸ್ಸಾಗಲಿಲ್ಲವೇನೋ. ಹಿತ್ತಲ ಬೇಲಿಯ ಆಚೆ ಸೂರ್ಯ ಇಳಿಯುತ್ತಿದ್ದ. ನಾನು ಪದ್ಮಣ್ಣನ ತೊಡೆಯ ಮೇಲಿನ ಡಬ್ಬಿಯ ಕಡೆ ನೋಡಿದೆ. ಅವನು ಅದನ್ನು ತೆಗೆದು ಹೊರಸಿನ ಕೆಳಗೆ ತಳ್ಳಿ, "ನೀ ಹೇಳ ಮಗಳ," ಎಂದ.

ಮಳೆಯ ಸದ್ದಿನಲ್ಲಿ ಪ್ರೋಗ್ರಾಮು ಎಲ್ಲಿ ಎಡವುತ್ತದೆ ಎಂದು ಹೇಳಿದಳು. ಎರಡು ದನ ಒಟ್ಟಿಗೆ ಬಂದರೆ ಹೇಗೆ ಗೊಂದಲವಾಗುತ್ತದೆ, ಕಟ್ಟಿಗೆಯ ಗಂಟೆಯನ್ನು ಯಾಕೆ ಅದು ಕೇಳಿಸಿಕೊಳ್ಳುವುದೇ ಇಲ್ಲ, ಎಲ್ಲವನ್ನೂ ಮುಚ್ಚದೆ ಹೇಳಿದಳು. ಕೂಟ ಹುಟ್ಟಿದ್ದೇ ಇಂಥ ಮಾತಿಗೆ. ಕಡೆಗೆ ಕೊನೆಯ ಪುಟ ಬಂತು. ಅದರಲ್ಲಿ ಒಂದೇ ಸಾಲು ಇತ್ತು. ಅಷ್ಟು ಜನರ ಮುಂದೆ ಕೇಳಬೇಕೆಂದು ಬರೆದುಕೊಂಡು ಬಂದಿದ್ದ ಸಾಲು: ಇದು ನನ್ನೊಬ್ಬಳಿಂದ ಆಗುವುದಿಲ್ಲ, ನನ್ನ ಜೊತೆ ಯಾರು ಸೇರುತ್ತೀರಿ?

ಅವಳು ಅದನ್ನು ಓದಿ ಸುಮ್ಮನೆ ನಿಂತಳು. ಸೂರ್ಯ ಮುಳುಗಿದ್ದ. ಪದ್ಮಣ್ಣ ಶಾಲೆಯ ಹುಡುಗನಂತೆ ಕೈ ಎತ್ತಿದ. ನಾನೂ ಎತ್ತಿದೆ.

"ಏನಾತವಾ, ಯಾಕ ಸುಮ್ಮನಾದಿ?" ಎಂದ ಯಲ್ಲಪ್ಪ.

"ಇಬ್ರು ಕೈ ಎತ್ಯಾರಪ್ಪಾ," ಎಂದಳು ರೇಣುಕಾ.

ಅವನು ತಾನೂ ಕೈ ಎತ್ತುವವನಂತೆ ತೊಡೆಯ ಮೇಲಿದ್ದ ಗಂಟೆಯನ್ನು ಎತ್ತಿ ಒಮ್ಮೆ ಬಾರಿಸಿದ.